ಟ್ರೆವಿಸ್‌ನಲ್ಲಿ ತಿರುಗಿ ನಿಂತ ಗಿಡ್ಡ

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಓದಿದವರಿಗೆ ಒಂದು ಅನುಕೂಲ ಇದೆ. ಪಠ್ಯಪುಸ್ತಕದಲ್ಲಿ ಅರ್ಧ ಪುಟಕ್ಕೆ ಮುಗಿದುಹೋಗುವ ರೋಗಗಳು ನಮ್ಮ ಕಾಲೇಜಿನ ಗೇಟಿಗೇ ಬಂದು ನಿಲ್ಲುತ್ತಿದ್ದವು. ಒಮ್ಮೊಮ್ಮೆ ಪಿಕಪ್ ಗಾಡಿಯಲ್ಲಿ, ಒಮ್ಮೊಮ್ಮೆ ಹಗ್ಗ ಹಿಡಿದ ಅಜ್ಜನ ಹಿಂದೆ ನಡೆದುಕೊಂಡು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಷ್ಟು ಹಳೆಯದು. ಅದರ ಪಕ್ಕಕ್ಕಿಟ್ಟರೆ ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ ವಿನೋಬನಗರದ ನಮ್ಮ ಕಾಲೇಜು ಇನ್ನೂ ಚಿಕ್ಕದು. ಆದರೆ ಸುತ್ತಲಿನ ಮಲೆನಾಡು ಹಳೆಯದಲ್ವಾ? ಅದೇ ನಮಗೆ ಅರ್ಧ ಪಾಠ ಮಾಡಿತು.

ಸೀಟು ಸಿಕ್ಕಾಗ ನೆಂಟರೆಲ್ಲ "ದನದ ಡಾಕ್ಟ್ರಾ?" ಅಂತ ರಾಗ ಎಳೆದಿದ್ದರು. ಮೊದಲ ವರ್ಷ ನನಗೂ ಉತ್ಸಾಹ ಅಷ್ಟಕ್ಕಷ್ಟೇ. ಅನಾಟಮಿ ಹಾಲ್‌ನಲ್ಲಿ ಫಾರ್ಮಾಲಿನ್ ಕಣ್ಣಿಗೆ ಹೊಡೆಯುತ್ತಿತ್ತು. ಹಸುವಿಗೆ 13 ಜೊತೆ ಪಕ್ಕೆಲುಬು, ಕುದುರೆಗೆ 18 ಅಂತ ಬಾಯಿಪಾಠ ಮಾಡಿದ್ದೇ ಮಾಡಿದ್ದು. ಈಗ ಹೇಳುವುದಾದರೆ ಆ ವರ್ಷ ಕಂಠಪಾಠ ಸ್ವಲ್ಪ ಜಾಸ್ತಿಯೇ ಆಯ್ತು.

ಓದಿನ ರುಚಿ ಹತ್ತಿದ್ದು ಕ್ಲಿನಿಕ್ ಶುರುವಾದ ಮೇಲೆ. ದನವನ್ನು ಹಿಡಿದು ನಿಲ್ಲಿಸಲು ಅಲ್ಲಿ ಕಬ್ಬಿಣದ ಕೊಳವೆಗಳ ಟ್ರೆವಿಸ್ ಇರುತ್ತದಲ್ಲ, ಅದನ್ನು ದೊಡ್ಡ ಮಿಶ್ರತಳಿ ಹಸುವಿನ ಅಳತೆಗೆ ಮಾಡಿರುತ್ತಾರೆ. ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಹಸು ಬಂದರೆ ಮುಂದೊಂದು ಹಿಂದೊಂದು ಅಡ್ಡಗೋಲು ಹಾಕಿದರೆ ಸಾಕು, ಪಾಪ, ಮೆಲುಕು ಹಾಕುತ್ತಾ ನಿಲ್ಲುತ್ತದೆ. ಒಂದು ದಿನ ಕಾಡಿನಲ್ಲಿ ಮೇಯುವ ಮಲೆನಾಡು ಗಿಡ್ಡ, ನಮ್ಮ ಕಡೆಯ ಸಣ್ಣ ನಾಟಿ ತಳಿಯ ಹಸು, ಬಂತು. ಮೈಯೆಲ್ಲ ಕಪ್ಪು, ಎತ್ತರ ಒಂದು ಮೀಟರೂ ಇಲ್ಲ. ಒಳಗೆ ಬಿಟ್ಟು ಅಡ್ಡಗೋಲು ಹಾಕುವಷ್ಟರಲ್ಲಿ ಅದು ಅಲ್ಲೇ ಒಂದು ಸುತ್ತು ತಿರುಗಿ, ಬಾಲ ಇರಬೇಕಾದ ಕಡೆ ಕೊಂಬು ತೋರಿಸಿಕೊಂಡು ನಮ್ಮನ್ನೇ ನೋಡಿತು. ಥರ್ಮಾಮೀಟರ್ ಹಿಡಿದು ಹಿಂದೆ ನಿಂತಿದ್ದ ಗೆಳೆಯ ಒಂದೇ ನೆಗೆತಕ್ಕೆ ಕಟ್ಟೆ ಹತ್ತಿದ. ಕೊನೆಗೆ ಅಟೆಂಡರ್ ಅಣ್ಣ ಬಂದರು. ಒಂದು ಕೈಯಲ್ಲಿ ಕೊಂಬು ಹಿಡಿದು, ಇನ್ನೊಂದು ಕೈಯ ಎರಡು ಬೆರಳು ಮೂಗಿಗೆ ಹಾಕಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿ ನಿಂತರು. ಗಿಡ್ಡ ಕದಲಲಿಲ್ಲ. "ಈಗ ನೋಡ್ಕಳಿ ಮೇಡಂ" ಅಂದರು. ಹಿಡಿಯುವ ವಿದ್ಯೆ ಕಲಿಸಿದ್ದು ಅವರೇ. ಅವರ ಹೆಸರು ಯಾವ ಟೈಮ್‌ಟೇಬಲ್‌ನಲ್ಲೂ ಇರಲಿಲ್ಲ.

ಆಮೇಲೆ ತೂಕದ ಪ್ರಶ್ನೆ ಬಂತು. ಔಷಧ ಕೊಡುವುದು ತೂಕದ ಲೆಕ್ಕದಲ್ಲಿ. ಪುಸ್ತಕದ ಉದಾಹರಣೆಗಳಲ್ಲಿರುವ ಹಸುವಿಗೆ 400 ಕಿಲೋ ಭಾರ. ಮೆಡಿಸಿನ್ ಮೇಡಂ ಟೇಪು ಕೈಗೆ ಕೊಟ್ಟರು. ಎದೆಯ ಸುತ್ತಳತೆ 46 ಇಂಚು, ಮೈಯ ಉದ್ದ 34 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಸಿಗುತ್ತದೆ. ಬಂದದ್ದು 240 ಪೌಂಡು, ಅಂದರೆ 109 ಕಿಲೋ. ನಾವೆಲ್ಲ ಕಣ್ಣಳತೆಯಲ್ಲಿ ಇನ್ನೂರು ಅಂದಿದ್ದೆವು. ಮೇಡಂ ಏನೂ ಹೇಳಲಿಲ್ಲ, ಟೇಪು ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು.

ಗಿಡ್ಡ ಹಾಲು ಕೊಡುವುದು ಕಡಿಮೆ, ಹೊತ್ತಿಗೆ ಒಂದು ಲೀಟರು ಸಿಕ್ಕರೆ ಸಂತೋಷ. ಅದಕ್ಕೇ ಜರ್ಸಿ ಇಂಜೆಕ್ಷನ್, ಅಂದರೆ ಜರ್ಸಿ ಹೋರಿಯ ವೀರ್ಯ, ಹಾಕಿಸಿ ಅಂತ ಕೇಳಿಕೊಂಡು ಬರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ತಾಯಿ ಸಣ್ಣದು, ಕರು ದೊಡ್ಡದಾದರೆ ಈಯುವಾಗ ಸಿಕ್ಕಿಕೊಳ್ಳುತ್ತದೆ. ಗೈನಕಾಲಜಿ ಸರ್ ಈ ವಿಷಯ ಬಂದರೆ ರೇಗುತ್ತಿದ್ದರು. ಸುಮ್ನೆ ಅಲ್ಲ, ರಾತ್ರಿ ಹೊತ್ತು ಅಂಥ ಕರುಗಳನ್ನು ಹಗ್ಗ ಹಾಕಿ ಎಳೆದವರು ಅವರು. ಮಲೆನಾಡು ಗಿಡ್ಡ ಈಗ ಕರ್ನಾಲ್‌ನ ರಾಷ್ಟ್ರೀಯ ಪಶು ತಳಿ ಬ್ಯೂರೋದಲ್ಲಿ ನೋಂದಣಿಯಾದ ತಳಿ, ಹಳ್ಳಿಕಾರ್, ಅಮೃತಮಹಲ್‌ಗಳ ಸಾಲಿನಲ್ಲೇ ನಿಲ್ಲುತ್ತದೆ. ಊರಿನಲ್ಲಿ ಮಾತ್ರ ಅದಕ್ಕೆ ಇನ್ನೂ "ಊರ ದನ" ಅನ್ನುವಷ್ಟೇ ಮರ್ಯಾದೆ.

ನನಗೆ ಜಾಸ್ತಿ ನೆನಪಿರುವುದು ಗೊರಕೆ ರೋಗ. ಎತ್ತು ನಿಂತಲ್ಲೇ ಗೊರಕೆ ಹೊಡೆಯುತ್ತದೆ, ಕೊಟ್ಟಿಗೆಯ ಹೊರಗಿದ್ದರೂ ಕೇಳಿಸುತ್ತದೆ. ಟಾರ್ಚ್ ಬಿಟ್ಟು ಮೂಗಿನೊಳಗೆ ನೋಡಿದರೆ ಹೂಕೋಸಿನಂಥ ಗಂಟು. ಇದು ಮೂಗಿನ ರಕ್ತನಾಳದಲ್ಲಿ ಕೂತ ಹುಳದ ಕೆಲಸ. ಹೆಸರು ಶಿಸ್ಟೊಸೋಮಾ ನೇಸೇಲ್. ನಮ್ಮ ಪರಾಸೈಟಾಲಜಿ ಸರ್ ಸಿಂಬಳವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳದ ಒಂದು ಹನಿಯನ್ನು ಗಾಜಿನ ಮೇಲೆ ಇಡಲು ಹೇಳಿದರು. ಮೈಕ್ರೋಸ್ಕೋಪಿನಲ್ಲಿ ಬಾಗಿದ ಬೂಮರಾಂಗ್ ಆಕಾರದ ಮೊಟ್ಟೆ ಕಾಣಿಸಿತು. ಒಮ್ಮೆ ಕಂಡಿದ್ದನ್ನು ಮರೆಯುವುದು ಸಾಧ್ಯವೇ ಇಲ್ಲ, ಅಷ್ಟು ವಿಚಿತ್ರ.

ಸರ್ ಅಲ್ಲಿಗೇ ಬಿಡಲಿಲ್ಲ. ಆ ಎತ್ತಿನ ಯಜಮಾನರ ಊರಿಗೇ ನಮ್ಮನ್ನು ವ್ಯಾನಿನಲ್ಲಿ ಕರೆದುಕೊಂಡು ಹೋದರು. ದನಗಳು ನೀರು ಕುಡಿಯುವ ಕೆರೆಯಂಚಿನಲ್ಲಿ ಪ್ಯಾಂಟು ಮಡಚಿ ಇಳಿದು, ಎಲೆಗಳ ಅಡಿಯಿಂದ ಚಪ್ಪಟೆ ಸುರುಳಿ ಬಸವನಹುಳುಗಳನ್ನು ಆರಿಸಿ ಬಾಟಲಿಗೆ ಹಾಕಿದರು. ಮೊಟ್ಟೆ ಸಿಂಬಳದ ಜೊತೆ ನೀರಿಗೆ ಬೀಳುತ್ತದೆ. ಒಡೆದು ಬಂದ ಮರಿ ಈ ಬಸವನಹುಳುವಿನೊಳಗೆ ಹೋಗಿ ಬೆಳೆಯುತ್ತದೆ. ಬೆಳೆದು ಹೊರಬಂದದ್ದು ನೀರಿನಲ್ಲಿ ನಿಂತ ದನದ ಚರ್ಮ ಕೊರೆದು ಒಳಸೇರುತ್ತದೆ. "ನಾಟಿ ಮಾಡೋರ ಕಾಲು ತುರಿಸೋದೂ ಕೆಲವು ಸಲ ಇದರಿಂದಲೇ" ಅಂದರು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ತಕ್ಷಣ ಸೀರೆಯಂಚು ಎತ್ತಿ ಮೀನಖಂಡ ತೋರಿಸಿದರು. ಎಮ್ಮೆಗೂ ಈ ಹುಳ ಇರುತ್ತದೆ, ಆದರೆ ಅದು ಅಷ್ಟಾಗಿ ಗೊರಕೆ ಹೊಡೆಯುವುದಿಲ್ಲ. ಹಾಗಾಗಿ ಯಾರೂ ಗಮನಿಸುವುದಿಲ್ಲ, ಕೆರೆಗೆ ಮೊಟ್ಟೆ ಬೀಳುವುದು ನಿಲ್ಲುವುದೂ ಇಲ್ಲ. ಎತ್ತಿಗೆ ಸೂಜಿ ಚುಚ್ಚಿ ಕಳಿಸಿದ್ದರೆ ಆ ಎಮ್ಮೆಯ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಉಣುಗಿನ ಪಾಠವೂ ಹೀಗೇ ನಡೆಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹಿಡಿದಾಗ ಪತ್ತೆಯಾದದ್ದು ಉಣುಗಿನಿಂದ ಹರಡುವ ಮಂಗನ ಕಾಯಿಲೆ. ನಮ್ಮ ಜಿಲ್ಲೆಯ ಕಾಡಿನ ಹೆಸರು ಪ್ರಪಂಚದ ವೈರಸ್ ಪುಸ್ತಕಗಳಲ್ಲೆಲ್ಲ ಇದೆ, ಹೆಮ್ಮೆ ಪಡುವಂಥದ್ದೇನಲ್ಲ. ದನಕ್ಕೆ ಆ ಕಾಯಿಲೆ ಬರುವುದಿಲ್ಲ. ಹಾಗಾದರೆ ನಮಗೇಕೆ ಪಾಠ ಅಂತ ಯಾರೋ ಕೇಳಿದರು. ಸರ್ ಒಂದು ಹಸುವಿನ ಕಿವಿ ಮಡಚಿ ತೋರಿಸಿದರು. ಒಳಗೆ ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗುಗಳು ಒತ್ತೊತ್ತಾಗಿ ಕೂತಿದ್ದವು. ಕಾಡಿಗೆ ಮೇಯಲು ಹೋದ ದನ ಉಣುಗಿಗೆ ಊಟ ಹಾಕುತ್ತದೆ. ಕುಡಿದು ತುಂಬಿದ್ದು ಉದುರಿ ರಾಶಿ ಮೊಟ್ಟೆ ಇಡುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಾಯಿಲೆ ದಾಟಿಸುವುದು ಬೇಸಿಗೆಯ ಕಡೆ ಜಾಸ್ತಿಯಾಗುವ, ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ಆ ಹೊತ್ತಿಗೇ ನಮ್ಮ ಜನ ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು ಗುಡಿಸಿ ತರುತ್ತಾರೆ. ನಮ್ಮ ಮನೆಯಲ್ಲೂ ತರುತ್ತಿದ್ದರು. ಆ ವರ್ಷ ರಜೆಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಗೊಬ್ಬರ ಎಲ್ಲಿಂದ ತರದು?" ಅಂದರು. ಅದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು ಹೊಯ್ದುಕೊಂಡು ಬಟ್ಟೆ ಬದಲಿಸಿ ಅಂತ ಒಪ್ಪಂದ ಆಯಿತು.

ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದ ಕತೆಯನ್ನು ನನ್ನ ಬ್ಯಾಚಿನವರು ಯಾರಾದರೂ ಬರೆದೇ ಬರೆಯುತ್ತಾರೆ, ನಾನು ಬಿಡುತ್ತೇನೆ. ಆನೆಯ ರಕ್ತವನ್ನು ಕಿವಿಯ ಹಿಂದಿನ ನಾಳದಿಂದ ತೆಗೆಯುತ್ತಾರೆ, ಮಾವುತ ಒಪ್ಪದೆ ಆನೆ ಒಪ್ಪುವುದಿಲ್ಲ ಅಂತ ಮಾತ್ರ ಹೇಳಿಬಿಡುತ್ತೇನೆ.

ಈಗ ನಾನಿರುವುದು ಕೊಪ್ಪದ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ. ಅನುಮಾನ ಬಂದ ಸ್ಲೈಡುಗಳನ್ನು ಇವತ್ತಿಗೂ ಕಾಲೇಜಿಗೆ ಕಳಿಸುತ್ತೇನೆ, ಉತ್ತರ ಫೋನಿನಲ್ಲೇ ಬರುತ್ತದೆ, ಜೊತೆಗೆ ಸ್ಲೈಡಿಗೆ ಹಾಕಿದ ಬಣ್ಣ (ಸ್ಟೇನ್) ಸರಿಯಾಗಿ ತೊಳೆದಿಲ್ಲ ಅಂತ ಬೈಗುಳವೂ. ಇಂಟರ್ನ್‌ಶಿಪ್‌ಗೆ ಊರು ಹುಡುಕುತ್ತಿರುವ ತಮ್ಮ ತಂಗಿಯರು ಮಳೆಗಾಲದಲ್ಲೇ ನಮ್ಮ ಕಡೆ ಬನ್ನಿ. ಕೇಸು ಬೇಕಾದಷ್ಟಿವೆ. ಗಮ್‌ಬೂಟು ಮತ್ತು ಇಂಬಳಕ್ಕೆ ಒಂದು ಪೊಟ್ಟಣ ಉಪ್ಪು ನೀವೇ ತನ್ನಿ. ಟೇಪು ನನ್ನ ಹತ್ತಿರ ಇದೆ.