ಬೆತ್‌ಪೇಜ್ ಬ್ಲ್ಯಾಕ್ ರಟ್ಟಿನ ಮಾದರಿ: ನಾಲ್ಕನೆಯ ಹೋಲ್‌ನ ಬಂಕರ್‌ಗಳು

ಬೆತ್‌ಪೇಜ್ ಬ್ಲ್ಯಾಕ್ ಎಂಬ ಗಾಲ್ಫ್ ಕೋರ್ಸ್‌ನ ರಟ್ಟಿನ ಮಾದರಿಯಲ್ಲಿ ನಾಲ್ಕನೆಯ ಹೋಲ್‌ನ, ಅಂದರೆ ಆಟದ ನಾಲ್ಕನೆಯ ಹಂತದ, ನೆಲ ಸಿದ್ಧವಾಗಿದೆ. ಅಳತೆ 1:500, ಆದ್ದರಿಂದ ಮೊದಲ ಹೊಡೆತದ ಜಾಗವಾದ ಟೀಯಿಂದ, ಕುಳಿಯಿರುವ ನುಣುಪು ಹುಲ್ಲಿನ ಗ್ರೀನ್‌ವರೆಗಿನ 517 ಗಜ ಇಲ್ಲಿ ಸುಮಾರು 95 ಸೆಂಟಿಮೀಟರ್. ರಟ್ಟಿನ ದಪ್ಪ 2 ಮಿಲಿಮೀಟರ್. ಒಂದು ಪದರವೆಂದರೆ ಸರಿಯಾಗಿ ಒಂದು ಮೀಟರ್ ಏರು. ನೋಟಕ್ಕೆ ಚೆನ್ನಾಗಿರಲೆಂದು ಎತ್ತರವನ್ನು ಹಿಗ್ಗಿಸುವವರಿದ್ದಾರೆ. ನಾನು ಹಿಗ್ಗಿಸಲಿಲ್ಲ. ಈ ಕೋರ್ಸ್‌ನ ನೆಲಕ್ಕೆ ಅಂಥ ಉಪಕಾರ ಬೇಕಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿರುವ ಬೆತ್‌ಪೇಜ್ ಸರ್ಕಾರಿ ಉದ್ಯಾನ. ಅಲ್ಲಿನ ಐದು ಗಾಲ್ಫ್ ಕೋರ್ಸ್‌ಗಳಲ್ಲಿ ಬ್ಲ್ಯಾಕ್ ಅತಿ ಕಠಿಣ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಪರಿಹಾರ ಕಾಮಗಾರಿಯ ಕೂಲಿಗಳು ಕಟ್ಟಿದ್ದು; ಆಟಕ್ಕೆ ತೆರೆದದ್ದು 1936ರಲ್ಲಿ. ವಿನ್ಯಾಸದ ಹಿರಿಮೆ ಎ. ಡಬ್ಲ್ಯು. ಟಿಲ್ಲಿಂಗ್‌ಹಾಸ್ಟ್‌ಗೆ ಸಲ್ಲಬೇಕೋ, ಉದ್ಯಾನದ ಮೇಲ್ವಿಚಾರಕ ಜೋಸೆಫ್ ಬರ್ಬೆಕ್‌ಗೋ ಎಂಬ ಜಗಳ ಇನ್ನೂ ಹರಿದಿಲ್ಲ. ನನ್ನ ಫಲಕದಲ್ಲಿ ಇಬ್ಬರ ಹೆಸರೂ ಇರುತ್ತದೆ.

ಕಷ್ಟವಿರುವುದು ಬಂಕರ್‌ಗಳಲ್ಲಿ. ಟೀ, ಗ್ರೀನ್‌ಗಳ ನಡುವಿನ ಹುಲ್ಲುಹಾದಿಯಾದ ಫೇರ್‌ವೇಗೆ ಅಡ್ಡಲಾಗಿ, ಓರೆಯಾಗಿ ಬಿದ್ದಿರುವ ದೊಡ್ಡ ಮರಳುಗುಂಡಿಯೇ ಈ ಹೋಲ್‌ನ ಜೀವ. ಅದಕ್ಕೆ ಎರಡು ಬಿಡಿ ತುಂಡುಗಳನ್ನು ಮಾಡುತ್ತಿದ್ದೇನೆ. ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು. ಮೊದಲನೆಯದು 1990ರ ದಶಕದ ಸ್ಥಿತಿ: ಆರೈಕೆಯಿಲ್ಲದೆ ಅಂಚು ಸವೆದು, ಹುಲ್ಲು ಒಳಗೆ ನುಗ್ಗಿ, ಆಕಾರ ಕಳೆದುಕೊಂಡದ್ದು. ಎರಡನೆಯದು ಗಾಲ್ಫ್ ಕೋರ್ಸ್ ವಿನ್ಯಾಸಕ ರೀಸ್ ಜೋನ್ಸ್ ಸಂಭಾವನೆ ಪಡೆಯದೆ ಮಾಡಿಕೊಟ್ಟ ನವೀಕರಣದ ನಂತರದ್ದು. 1997ರಲ್ಲಿ ಕೋರ್ಸ್ ಮುಚ್ಚಿ ಬಂಕರ್‌ಗಳನ್ನು ಹೊಸದಾಗಿ ಕಟ್ಟಿದರು, ಟೀಗಳನ್ನು ಹಿಂದಕ್ಕೆ ಸರಿಸಿದರು. ಮರುವರ್ಷ ಮತ್ತೆ ತೆರೆಯಿತು. ಗ್ರೀನ್‌ಗಳನ್ನು ಹೆಚ್ಚು ಕೆದಕಲಿಲ್ಲ, ಅದೇ ಜಾಣತನ ಎನ್ನುತ್ತೇನೆ.

ಸವೆದ ಅಂಚನ್ನು ಮಾಡುವುದು ಸುಲಭ: ಒದ್ದೆ ಬೆರಳಿನಿಂದ ಪುಟ್ಟಿಯನ್ನು ಸವರಿದರೆ ಸಾಕು. ಹೊಸ ಅಂಚು ಹಾಗಲ್ಲ. ಪುಟ್ಟಿ ಅರ್ಧ ಒಣಗಿದಾಗ, ಅಂದರೆ ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಅಂಟಬಾರದು, ಆ ಹೊತ್ತಿಗೆ ಹೊಸ ಬ್ಲೇಡಿನಿಂದ ನಾಲಿಗೆಯಂಥ ಚಾಚುಗಳನ್ನು ಕೊರೆಯಬೇಕು. ಸ್ವಲ್ಪ ತಡವಾದರೂ ಅಂಚು ಪುಡಿಯಾಗುತ್ತದೆ. ನಿಜವಾದ ಮರಳು ಇಲ್ಲಿ ನಡೆಯುವುದಿಲ್ಲ; ಅರ್ಧ ಮಿಲಿಮೀಟರಿನ ಕಣ ಈ ಅಳತೆಯಲ್ಲಿ 25 ಸೆಂಟಿಮೀಟರಿನ ಬಂಡೆ! ಅಮೃತಶಿಲೆಯ ಪುಡಿಯನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಉದುರಿಸಿದೆ. ಚೆನ್ನಾಗಿ ಕೂತಿದೆ.

ಎರಡು ತುಂಡುಗಳನ್ನು ಬದಲಿಸಿ ನೋಡಿದಾಗ ನವೀಕರಣದ ಬೆಲೆ ಕಣ್ಣಿಗೇ ಕಾಣುತ್ತದೆ. ಮಾದರಿಯಲ್ಲಿ ನೆಲ ಅದೇ, ದೂರ ಅದೇ. ಚೆಂಡನ್ನು ಎಲ್ಲಿಂದ ದಾಟಿಸಬೇಕೆಂಬ ಪ್ರಶ್ನೆ ಮಾತ್ರ ಹೊಸ ತುಂಡಿನಲ್ಲೇ ಎದುರಾಗುತ್ತದೆ. 2002ರ ಯುಎಸ್ ಓಪನ್ ಇಲ್ಲಿ ನಡೆದಾಗ ಪಾರ್‌ಗಿಂತ (ಕೋರ್ಸ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆಗಿಂತ) ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಟೈಗರ್ ವುಡ್ಸ್ ಒಬ್ಬರೇ, ಅದೂ ಮೂರೇ ಹೊಡೆತ ಕಡಿಮೆ.

ಇನ್ನು ಮರಗಳು ಬಾಕಿ. ಅವು ಬೇಸರದ ಕೆಲಸ, ಆಗುತ್ತದೆ. ನುರಿತವರು ಮಾತ್ರ ಆಡಿ ಎಂದು ಎಚ್ಚರಿಸುವ, ಮೊದಲ ಟೀ ಬಳಿಯ ಪ್ರಸಿದ್ಧ ಫಲಕವನ್ನೂ ಸೇರಿಸುವ ಆಸೆಯಿದೆ. ಈ ಅಳತೆಯಲ್ಲಿ ಅದು ಎರಡು ಮಿಲಿಮೀಟರ್ ದಾಟದು, ಯಾರೂ ಓದಲಾರರು. ಪೀಠದ ಮುಂದೆ ದೊಡ್ಡದಾಗಿ ಅಂಟಿಸುತ್ತೇನೆ.