ಎಲ್ಲರೂ ಏಕೆ ಓಡಿಹೋಗಲಿಲ್ಲ?

ಊರಿನಿಂದ ಬರುವ ನೆಂಟರಿಗೆ ಫಿಲಡೆಲ್ಫಿಯಾ ತೋರಿಸುವ ಕೆಲಸ ನನ್ನ ತಲೆಗೇ ಕಟ್ಟಿದೆ. ಬಿರುಕು ಬಿಟ್ಟ ಲಿಬರ್ಟಿ ಬೆಲ್ ನೋಡಿಯಾದ ಮೇಲೆ, ದಕ್ಷಿಣದ ಗುಲಾಮರನ್ನು ಕದ್ದುಮುಚ್ಚಿ ಉತ್ತರಕ್ಕೆ ದಾಟಿಸುತ್ತಿದ್ದ ಅಂಡರ್‌ಗ್ರೌಂಡ್ ರೈಲ್‌ರೋಡ್ ಎಂಬ ಜಾಲದ ಕಥೆ ಹೇಳುತ್ತೇನೆ. ಹೇಳಿ ಮುಗಿಸುವುದೇ ತಡ, ಪ್ರಶ್ನೆ ಸಿದ್ಧ: “ಅಷ್ಟೊಂದು ಜನ ಸಹಾಯಕ್ಕಿದ್ದರು ಎನ್ನುತ್ತೀಯಲ್ಲ, ಮತ್ತೆ ಎಲ್ಲರೂ ಏಕೆ ಓಡಿಹೋಗಲಿಲ್ಲ?”

ಕಳೆದ ಬೇಸಿಗೆಯಲ್ಲಿ ಬಂದಿದ್ದ ಭಾವ ಒಂದು ಹೆಜ್ಜೆ ಮುಂದೆ ಹೋಗಿ, “ನಾನಾಗಿದ್ದರೆ ಮೊದಲ ರಾತ್ರಿಯೇ ಪರಾರಿ” ಎಂದರು. ಹಿಂದಿನ ದಿನವಷ್ಟೇ ಸಬ್‌ವೇಯಲ್ಲಿ ಇಳಿಯಬೇಕಾದಲ್ಲಿ ಇಳಿಯದೆ, ನನ್ನ ಹೆಂಡತಿ ಫೋನಿನಲ್ಲಿ ಹೇಳಿದ ದಾರಿ ಹಿಡಿದು ಮನೆ ಸೇರಿದ ಮಹಾನುಭಾವರು. ಅಕ್ಕ ಪಕ್ಕದಲ್ಲಿದ್ದಳೆಂದು ಸುಮ್ಮನಾದೆ. ಇಲ್ಲಿ ಅಕ್ಕ ಇಲ್ಲ.

ಓಡುವುದು ಎಲ್ಲಿಗೆ, ಭಾವ? ಆಶ್ರಯ ಕೊಡುತ್ತಿದ್ದ ಮನೆಗಳಲ್ಲಿ ಬಹುಪಾಲು ಇದ್ದದ್ದು ಉತ್ತರದಲ್ಲಿ, ಇಲ್ಲವೇ ಗಡಿಯ ಅಂಚಿನಲ್ಲಿ. ದಕ್ಷಿಣದ ಅಲಬಾಮದ ಹತ್ತಿ ಹೊಲದಿಂದ ಗಡಿಯಾಗಿದ್ದ ಓಹಾಯೋ ನದಿಯವರೆಗಿನ ನೂರಾರು ಮೈಲಿಗೆ ನಿಮ್ಮ ಕಾಲುಗಳೇ ಗತಿ. ದಾಟಿದಿರಿ ಎಂದೇ ಇಟ್ಟುಕೊಳ್ಳೋಣ. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾನೂನು ಬಂದ ಮೇಲಂತೂ ಉತ್ತರದಲ್ಲಿಯೂ ಬೆನ್ನಟ್ಟಿ ಹಿಡಿಯುವುದು ಇನ್ನಷ್ಟು ಸುಲಭವಾಯಿತು. ಸಿಕ್ಕಿಬಿದ್ದವನು ತನ್ನ ಪರವಾಗಿ ಸಾಕ್ಷಿ ನುಡಿಯುವಂತಿರಲಿಲ್ಲ. ವಿಚಾರಣೆ ನಡೆಸುವ ಕಮಿಷನರಿಗೆ, ಅವನನ್ನು ಒಡೆಯನಿಗೆ ಒಪ್ಪಿಸಿದರೆ 10 ಡಾಲರ್ ಶುಲ್ಕ, ಬಿಟ್ಟರೆ 5. ಒಪ್ಪಿಸುವುದಕ್ಕೆ ಹೆಚ್ಚು ಕಾಗದಪತ್ರದ ಕೆಲಸವಂತೆ! 1860ರಲ್ಲಿ ಗುಲಾಮರಾಗಿದ್ದವರು ಸುಮಾರು 40 ಲಕ್ಷ. ಎಲ್ಲರೂ ಹೆಸರು ಹೇಳುವ ಹ್ಯಾರಿಯೆಟ್ ಟಬ್‌ಮನ್ ಜೀವ ಒತ್ತೆಯಿಟ್ಟು, ಹತ್ತಾರು ಬಾರಿ ಹೋಗಿ ಕರೆತಂದದ್ದು 70ರ ಆಸುಪಾಸಿನ ಮಂದಿಯನ್ನು. ಲೆಕ್ಕ ನೀವೇ ಹಾಕಿ.

ಅದಿರಲಿ. ಯಾರನ್ನು ಬಿಟ್ಟು ಓಡಿದರು ಎಂದು ಒಬ್ಬರಾದರೂ ಕೇಳಬಾರದೇ?

ಮೇರಿಲ್ಯಾಂಡಿನಲ್ಲಿ ಸಿಡ್ನಿ ಎಂಬ ತಾಯಿ ಇದ್ದಳು. ಗಂಡ ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡು ನ್ಯೂಜೆರ್ಸಿ ಸೇರಿದ್ದ. ನಾಲ್ಕು ಮಕ್ಕಳೊಂದಿಗೆ ಓಡಿದ ಸಿಡ್ನಿ ಸಿಕ್ಕಿಬಿದ್ದಳು. ಎರಡನೆಯ ಬಾರಿ ನಾಲ್ವರನ್ನೂ ಕರೆದೊಯ್ಯುವ ಧೈರ್ಯವಿರಲಿಲ್ಲ. ಮಲಗಿದ್ದ ಗಂಡುಮಕ್ಕಳಿಬ್ಬರಿಗೂ ಮುತ್ತಿಟ್ಟು, ಹೆಣ್ಣುಮಕ್ಕಳನ್ನಷ್ಟೇ ಕರೆದುಕೊಂಡು ಹೊರಟಳು. ಆ ಹುಡುಗರು ದಕ್ಷಿಣಕ್ಕೆ ಮಾರಾಟವಾದರು. ಹಿರಿಯವನು ಅಲ್ಲಿಯೇ ಸತ್ತ.

ಸಿಡ್ನಿಯ ಕೊನೆಯ ಮಗ ವಿಲಿಯಂ ಸ್ಟಿಲ್ ಹುಟ್ಟಿದ್ದು 1821ರಲ್ಲಿ, ನ್ಯೂಜೆರ್ಸಿಯಲ್ಲಿ. ಮುಂದೆ ಇದೇ ಫಿಲಡೆಲ್ಫಿಯಾದ ಗುಲಾಮಗಿರಿ ವಿರೋಧಿ ಸಂಘದಲ್ಲಿ ಗುಮಾಸ್ತನಾದ. 1850ರಲ್ಲಿ ಒಬ್ಬ ನಡುವಯಸ್ಸಿನವನು ಆ ಕಚೇರಿಗೆ ಬಂದ. ಹೆಸರು ಪೀಟರ್. ಅಲಬಾಮದಲ್ಲಿ ಕಾಸಿಗೆ ಕಾಸು ಕೂಡಿಸಿ ತನ್ನ ಬಿಡುಗಡೆ ಪಡೆದಿದ್ದ. ಅಪ್ಪ ಲೆವಿನ್, ಅಮ್ಮ ಸಿಡ್ನಿ, ಹುಡುಕಿಕೊಡುತ್ತೀರಾ ಎಂದ. ಎದುರಿಗೆ ಕುಳಿತ ಗುಮಾಸ್ತನ ಅಪ್ಪ ಅಮ್ಮನ ಹೆಸರೂ ಅವೇ. ಅಲ್ಲಿಯವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆ ಕಚೇರಿಗೆ ಓಡಿಬಂದವರ ಊರು, ಒಡೆಯ, ಬಿಟ್ಟುಬಂದ ಬಂಧುಗಳು, ಹೊಸದಾಗಿ ಇಟ್ಟುಕೊಂಡ ಹೆಸರು, ಎಲ್ಲವನ್ನೂ ವಿಲಿಯಂ ಬರೆದಿಡುತ್ತಿದ್ದದ್ದು ಏಕೆಂದು ಇನ್ನು ವಿವರಿಸಬೇಕೇ?

ಪೀಟರನ ಹೆಂಡತಿ ವೈನಾ ಮತ್ತು ಮೂವರು ಮಕ್ಕಳು ಅಲಬಾಮದಲ್ಲಿಯೇ ಉಳಿದಿದ್ದರು. ಸೆತ್ ಕಾಂಕ್ಲಿನ್ ಎಂಬ ಬಿಳಿಯ ತಾನು ಕರೆತರುತ್ತೇನೆಂದು ಮುಂದೆ ಬಂದ. 1851ರಲ್ಲಿ ಅವರನ್ನು ದೋಣಿಯಲ್ಲಿ ಕೂರಿಸಿ, ಏಳು ಹಗಲು ಏಳು ರಾತ್ರಿ ನದಿಗಳಲ್ಲಿ ಹುಟ್ಟು ಹಾಕಿ ಇಂಡಿಯಾನಾ ಮುಟ್ಟಿಸಿದ. ಅಂದರೆ ಗುಲಾಮಗಿರಿ ಇಲ್ಲದ ನೆಲ. ಅಲ್ಲಿಯೇ ಎಲ್ಲರೂ ಸಿಕ್ಕಿಬಿದ್ದರು. ವೈನಾ ಮತ್ತು ಮಕ್ಕಳು ಮರಳಿ ಹೊಲಕ್ಕೆ. ಕಾಂಕ್ಲಿನ್‌ನ ಹೆಣ ನೀರಿನಲ್ಲಿ ಸಿಕ್ಕಿತು, ಕೈಕಾಲಿಗೆ ಹಾಕಿದ್ದ ಸಂಕೋಲೆಯ ಸಮೇತ.

ಒಡೆಯ 5,000 ಡಾಲರ್ ಕೇಳಿದ. ಪೀಟರ್ ಊರೂರು ತಿರುಗಿ, ಕಥೆ ಹೇಳಿ ಚಂದಾ ಎತ್ತಿ, 1854ರ ಕೊನೆಯ ಹೊತ್ತಿಗೆ ಹಣ ಕೊಟ್ಟು ಹೆಂಡತಿ ಮಕ್ಕಳನ್ನು ಬಿಡಿಸಿಕೊಂಡ.