ಎಳ್ಳಿನಷ್ಟು ಚುಕ್ಕೆ

ವಿಜಯಪುರದ ಗಾಂಧಿ ಚೌಕದ ಹತ್ತಿರ ಇವತ್ತು ರಿಪೇರಿ ಅಂಗಡಿಯವರು ಇಪ್ಪತ್ತು ವರ್ಷ ಹಳೇ ಹಾರ್ಡ್ ಡಿಸ್ಕ್ ಬಿಚ್ಚಿದ್ದರು. ಮುಖ ಕಾಣುವಷ್ಟು ನುಣುಪು ತಟ್ಟೆ. ಅದರ ಮೇಲೆ ಚಾಚಿದ ತೆಳ್ಳನೆ ತೋಳು. ತುದಿಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ.

ಅಂಗಡಿ ಹುಡುಗನಿಗೆ ಒಳಗಿನ ಅಯಸ್ಕಾಂತ ಮಾತ್ರ ಬೇಕಿತ್ತು, ಸ್ಕ್ರೂ ಅಂಟಿಸಿಡೋಕಂತೆ. ನನ್ನ ಕಣ್ಣು ಆ ಚುಕ್ಕೆ ಮೇಲೇ.

ಓದುವ ಕೆಲಸ ಅದರದ್ದು. ಒಳಗೆ ನ್ಯಾನೋಮೀಟರ್ ಲೆಕ್ಕದ, ಅತಿ ತೆಳು ಲೋಹದ ಪದರಗಳು. ತಟ್ಟೆ ಮೇಲಿನ ಕಾಂತದ ಗುರುತುಗಳು ಅವುಗಳಲ್ಲಿ ಒಂದರ ಕಾಂತ ದಿಕ್ಕನ್ನು ತಿರುಗಿಸುತ್ತವೆ. ಪದರಗಳ ದಿಕ್ಕು ಒಂದೇ ಆದರೆ ಕರೆಂಟು ಸಲೀಸಾಗಿ ಹರಿಯುತ್ತದೆ. ಎದುರುಬದುರಾದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಜಾಸ್ತಿ. ಅಷ್ಟೇ! ಮದುವೆ ಫೋಟೋ, ಪಹಣಿ ಸ್ಕ್ಯಾನು ಎಲ್ಲ ಆ ಏರಿಳಿತದಲ್ಲೇ.

ಕಾಂತದಿಂದ ಕಬ್ಬಿಣದ ರೆಸಿಸ್ಟೆನ್ಸ್ ಬದಲಾಗೋದನ್ನು ವಿಜ್ಞಾನಿ ಕೆಲ್ವಿನ್ 1856ರಲ್ಲೇ ಕಂಡಿದ್ದ. ಆದರೆ ತೀರಾ ಚೂರು. 1988ರಲ್ಲಿ ಭೌತವಿಜ್ಞಾನಿಗಳಾದ ಫರ್ಟ್, ಗ್ರ್ಯೂನ್‌ಬರ್ಗ್ ಬೇರೆ ಬೇರೆಯಾಗಿಯೇ ಇಂಥ ಪದರ ಜೋಡಿಸಿ ಭಾರಿ ಬದಲಾವಣೆ ತೋರಿಸಿದರು. 2007ರಲ್ಲಿ ಇಬ್ಬರಿಗೂ ನೊಬೆಲ್. ಕೊಡಲೇಬೇಕಿತ್ತು ಬಿಡಿ.